ಮಹಾವೀರಾಚಾರ್ಯರ ಅಂಕಿಹಾರ

ಗಣಿತ ಅಂದರೆ ಮಾರುದೂರ ಸರಿಯುವ ಸಾಹಿತ್ಯಮಿತ್ರರೇ, ಕವಿರಾಜಮಾರ್ಗದ ಕಾಲದ ಇನ್ನೊಬ್ಬರನ್ನು ನಾವು ಮರೆತೇಬಿಟ್ಟಿದ್ದೇವೆ. ನೃಪತುಂಗ ಅಮೋಘವರ್ಷ ಆಳುತ್ತಿದ್ದಾಗ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ನಾವಿರುವ ಈ ಪುಣೆಯ ನೆಲವೂ ಆಗ ರಾಷ್ಟ್ರಕೂಟರದೇ. ರಾಜನನ್ನು ಬಾಯ್ತುಂಬ ಹೊಗಳಿದ ಆಚಾರ್ಯರು ತಮ್ಮ ಹೆತ್ತವರ ಬಗ್ಗೆ, ಊರಿನ ಬಗ್ಗೆ ಚಕಾರವೆತ್ತಲಿಲ್ಲ. ಅವರ ಬಾಳನ್ನು ಲೆಕ್ಕಗಳಲ್ಲೇ ಹುಡುಕಬೇಕು.

ಹಾರದಂಥ ಸಂಖ್ಯೆಗಳೆಂದರೆ ಅವರಿಗೆ ಪ್ರಾಣ. 12345654321 ನೋಡಿ: ಒಂದರಿಂದ ಆರಕ್ಕೆ ಹತ್ತಿ ಮತ್ತೆ ಇಳಿಯುತ್ತದೆ, ಎತ್ತಲಿಂದ ಓದಿದರೂ ಒಂದೇ. 27994681ನ್ನು 441ರಿಂದ ಗುಣಿಸಿದರೆ ಇದು ಬರುತ್ತದೆ ಅಂತ ಅವರ ಲೆಕ್ಕ. ಬಿಬವೇವಾಡಿಯ ರೂಮಿನಲ್ಲಿ ಕೂತು ಕೈಯಲ್ಲೇ ಗುಣಿಸಿದೆ; ಒಂದಂಕಿಯೂ ಆಚೀಚೆ ಇಲ್ಲ! ಗುಟ್ಟು ಇಷ್ಟೇ: ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. 5291ನ್ನು 21ರಿಂದ ಗುಣಿಸಿ, 111111 ಸಿಗುತ್ತದೆ. ಹಾರವೆಂದರೆ ಈ ಆರು ಒಂದುಗಳ ವರ್ಗವೇ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಂಡವರೇ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಬರೆದರು. ಅದು ತಪ್ಪು, ನಮ್ಮವರು ಅಂತ ಮುಚ್ಚಿಡೋದು ಬೇಡ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಮಾಡಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಊರಿಗೆ ಹೋದವರು ಯಾರಾದರೂ ತನ್ನಿ, ಮುಂದಿನ ಸಭೆಯಲ್ಲಿ ಓದೋಣ.