ಹಾರಲು ಕಲಿಯುವವರಿಗೆ ವಿಮಾನ ಮಾಡಿಕೊಟ್ಟ ಘಾಟಗೆ

ವಿಮಾನದಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೋಗಿಬಂದ ನಮ್ಮ ಹಳಬರಿಗೆ ನೆನಪಿರಬಹುದು. 2008ರ ಮೇ ತಿಂಗಳವರೆಗೆ ಎಲ್ಲರೂ ಇಳಿಯುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಲ್ಲೇ. ಅಲ್ಲಿಂದ ಆಟೋ ಹಿಡಿದರೆ ಜಯನಗರವೋ ಬಿಟಿಎಂ ಲೇಔಟೋ, ಮಕ್ಕಳ ಮನೆ ಅಷ್ಟೇನೂ ದೂರವಲ್ಲ. ಆ ರನ್‌ವೇ ಪಕ್ಕದ ಕಾರ್ಖಾನೆಯಲ್ಲಿ ಒಬ್ಬ ಎಂಜಿನಿಯರ್ ತನ್ನ ಆಯುಸ್ಸಿನ ಬಹುಪಾಲು ವಿಮಾನಕ್ಕೇ ಕೊಟ್ಟರು. ಅವರೇ ಡಾ. ವಿಷ್ಣು ಮಾಧವ ಘಾಟಗೆ.

ಹುಟ್ಟಿದ್ದು 1908ರಲ್ಲಿ, ಕೊಲ್ಹಾಪುರದ ಕಡೆಯ ಹಸೂರಚಂಪು ಎಂಬ ಹಳ್ಳಿಯಲ್ಲಿ. ಮುಂಬೈಯಲ್ಲಿ ಓದಿ, ಜರ್ಮನಿಯ ಗಾಟಿಂಗನ್‌ಗೆ ಹೋದರು. ಗಾಳಿಯ ಹರಿವಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಲುಡ್ವಿಗ್ ಪ್ರಾಂಡ್ಟಲ್ ಅವರ ಕೈಕೆಳಗೆ ಕಲಿತು ಡಾಕ್ಟರೇಟ್ ಪಡೆದರು.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಘಾಟಗೆ ಅಲ್ಲಿ ಹತ್ತು ಜನ ಕೂರುವ ಎಂಜಿನ್ ಇಲ್ಲದ ಗ್ಲೈಡರ್ ವಿನ್ಯಾಸ ಮಾಡಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ಆರಂಭವಾದಾಗ ಅದರ ಹೊಣೆಯೂ ಇವರದ್ದಾಯಿತು.

ಯುದ್ಧ ಮುಗಿಯಿತು, ಕಾರ್ಖಾನೆಗೆ ಕೆಲಸ ಕಡಿಮೆಯಾಯಿತು. ಹೊಟ್ಟೆಪಾಡಿಗೆ ಅಲ್ಲಿ ರೈಲು ಬೋಗಿ ಕೂಡ ಮಾಡಿದರು. ಅಂಥ ದಿನಗಳಲ್ಲಿ ನಮ್ಮದೇ ಒಂದು ವಿಮಾನ ಮಾಡುವ ಕೆಲಸ ಘಾಟಗೆಯವರ ಪಾಲಿಗೆ ಬಂತು. ಮಾಡಿದ್ದು ಯುದ್ಧವಿಮಾನವಲ್ಲ, ಪೈಲಟ್ ಆಗುವ ಹುಡುಗರಿಗೆ ಹಾರಲು ಕಲಿಸುವ ಎರಡು ಸೀಟಿನ ವಿಮಾನ, ಎಚ್‌ಟಿ-2. 1951ರ ಆಗಸ್ಟ್‌ನಲ್ಲಿ ಅದು ಬೆಂಗಳೂರಿನ ಆಕಾಶಕ್ಕೆ ಏರಿತು. ಅದೇ ವರ್ಷದ ಕ್ರಿಸ್ಮಸ್ ದಿನ ನೆಹರೂ ಡಕೋಟಾ ವಿಮಾನದಲ್ಲಿ ನಮ್ಮ ಬಜಪೆಗೆ ಬಂದಿಳಿದು ನಿಲ್ದಾಣ ತೆರೆದುಕೊಂಡಿತು ಎಂದರೆ ಕಾಲ ಎಂಥದ್ದೆಂದು ಅಂದಾಜು ಸಿಗಬಹುದು.

ಕಲಿಸುವ ವಿಮಾನ ಮಾಡುವುದು ಸುಲಭ ಅಂದುಕೊಳ್ಳಬೇಡಿ. ಹುಡುಗ ತಪ್ಪು ಮಾಡಿಯೇ ಮಾಡುತ್ತಾನೆ. ವೇಗ ಇಳಿಸಿಬಿಡುತ್ತಾನೆ, ಮೂಗು ಜಾಸ್ತಿ ಎತ್ತುತ್ತಾನೆ, ನೆಲಕ್ಕೆ ಕುಕ್ಕಿ ಇಳಿಸುತ್ತಾನೆ. ವಿಮಾನ ಅದನ್ನೆಲ್ಲ ಸಹಿಸಿಕೊಂಡು ಮತ್ತೆ ಹತೋಟಿಗೆ ಬರಬೇಕು. ಹಾಗಂತ ತೀರಾ ಸಾಧುವಾದರೆ ಹುಡುಗ ಏನೂ ಕಲಿಯುವುದಿಲ್ಲ. ಈ ಹದ ಹುಡುಕುವುದೇ ಕಷ್ಟ. ಎಚ್‌ಟಿ-2 ನೂರೈವತ್ತಕ್ಕೂ ಹೆಚ್ಚು ತಯಾರಾದವು. ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲು ನೆಲ ಬಿಟ್ಟದ್ದು ಅದರಲ್ಲೇ. ಆಫ್ರಿಕಾದ ಘಾನಾ ದೇಶ ತನ್ನ ವಾಯುಪಡೆ ಕಟ್ಟುವಾಗ ಇದನ್ನೇ ತೆಗೆದುಕೊಂಡಿತು.

ಆಮೇಲೆ 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಪುಷ್ಪಕ್, ಮರುವರ್ಷ ಕೃಷಕ್, 1964ರಲ್ಲಿ ಜೆಟ್ ತರಬೇತಿಗೆ ಕಿರಣ್. ಯಲಹಂಕದ ಏರ್ ಶೋದಲ್ಲಿ ಸೂರ್ಯಕಿರಣ್ ತಂಡ ನೋಡಿದವರು ಬಹಳ ಮಂದಿ. 2011ರವರೆಗೆ ಆ ತಂಡ ಹಾರಿಸಿದ್ದು ಇದೇ ಕಿರಣ್ ವಿಮಾನಗಳನ್ನು. 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಬಂತು.

ಅದೇ ಕಾರ್ಖಾನೆಯಲ್ಲಿ ಜರ್ಮನ್ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಮಾರುತ್ ಯುದ್ಧವಿಮಾನ ಮಾಡಿದ್ದರು. 1971ರ ಯುದ್ಧದಿಂದ ಅದಕ್ಕೆ ಹೆಸರು ಬಂತು. ಕಲಿಸುವ ವಿಮಾನಕ್ಕೆ ಅಂಥ ಹೆಸರು ಎಲ್ಲಿ ಬರಬೇಕು? ಒಂದನೇ ಕ್ಲಾಸಿನ ಮೇಷ್ಟ್ರ ಕಥೆಯೂ ಇದೇ ಅಲ್ಲವೇ.

ಆದರೆ ಮೇಷ್ಟ್ರಿಲ್ಲದೆ ಹೋದರೆ ಏನಾಗುತ್ತದೆಂದು ಮುಂದೆ ಗೊತ್ತಾಯಿತು. ಎಚ್‌ಟಿ-2 ನಂತರ ಬಂದ ಎಚ್‌ಪಿಟಿ-32 ಅಪಘಾತಗಳಿಂದಾಗಿ 2009ರಲ್ಲಿ ಹಾರಾಟ ನಿಲ್ಲಿಸಿತು. 2012ರಲ್ಲಿ ಸ್ವಿಟ್ಜರ್ಲೆಂಡಿನಿಂದ 75 ತರಬೇತಿ ವಿಮಾನ ಕೊಳ್ಳಬೇಕಾಯಿತು. ಬೆಂಗಳೂರಿನ ಹೊಸ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ, ಅದರ ಎಂಜಿನ್ ಈಗಲೂ ಹೊರಗಿನದ್ದು. ಎಚ್‌ಟಿ-2ರ ಎಂಜಿನ್ ಕೂಡ ಹೊರಗಿನದ್ದೇ ಆಗಿತ್ತು. ಘಾಟಗೆ ಶುರು ಮಾಡಿದ ಕೆಲಸದಲ್ಲಿ ಆ ಒಂದು ಪಾಲು ಇನ್ನೂ ಬಾಕಿ ಇದೆ.

1991ರ ಡಿಸೆಂಬರಿನಲ್ಲಿ ಬೆಂಗಳೂರಲ್ಲೇ ಅವರು ತೀರಿಕೊಂಡರು, 83ನೇ ವಯಸ್ಸಿನಲ್ಲಿ. ಎಚ್‌ಎಎಲ್‌ನ ಸಭಾಭವನಕ್ಕೆ ಅವರ ಹೆಸರಿದೆ, ಏರೋನಾಟಿಕಲ್ ಸೊಸೈಟಿ ಅವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ. ನಮ್ಮ ಮನೆಗಳಲ್ಲೂ ಈಗ ಪೈಲಟ್ ಆಗುತ್ತೇನೆ ಎನ್ನುವ ಮಕ್ಕಳಿದ್ದಾರೆ. ವಿಮಾನ ಹಾರಿಸುವ ಕೆಲಸದ ಜೊತೆ ವಿಮಾನ ಮಾಡುವ ಕೆಲಸವೂ ಇದೆ ಎಂದು ಅವರಿಗೆ ಹೇಳುವಾಗ ಘಾಟಗೆಯವರ ಹೆಸರನ್ನೂ ಒಮ್ಮೆ ಹೇಳಿ.