ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರೂ ವಿದ್ಯಾರ್ಥಿ ದಾಸೋಹವೂ

ಅನ್ನದಾನವೂ ವಿದ್ಯಾದಾನವೂ ಬೇರೆ ಬೇರೆ ಪುಣ್ಯಗಳೆಂದು ಲೋಕವು ಎಣಿಸುವದುಂಟು. ಆದರೆ ಹಸಿದ ಬಾಲಕನಿಗೆ ಅಕ್ಷರವು ತಲೆಗೆ ಹತ್ತದು. ಅಕ್ಷರವಿಲ್ಲದ ಅನ್ನವೋ ಅಂದಿನ ಹಸಿವೆಯನ್ನು ಮಾತ್ರ ಹಿಂಗಿಸುವದು. ಈ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ, ಮಠದ ದಾಸೋಹವನ್ನು ಪಾಠಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿದ ಮಹಾತ್ಮರಲ್ಲಿ ಹಾನಗಲ್ಲ ವಿರಕ್ತಮಠದ ಲಿಂಗೈಕ್ಯ ಶ್ರೀ ಕುಮಾರ ಮಹಾಸ್ವಾಮಿಗಳವರು ಅಗ್ರಗಣ್ಯರು. ಅವರು ಕೊಪ್ಪಳ ಸೀಮೆಯಲ್ಲಿ ಜನಿಸಿದವರಲ್ಲ. ಆದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಬಡ ಮನೆಗಳಿಂದ ಹೊರಟು, ಮಠದ ಪ್ರಸಾದವನ್ನುಂಡು ಓದಿ ಮುಂದೆ ಬಂದವರೆಲ್ಲರೂ ಅವರ ಋಣದಲ್ಲಿರುವರು.

ರಾಣಿಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯ ಒಂದು ಬಡ ಜಂಗಮ ಮನೆತನದಲ್ಲಿ, ಬಸವಯ್ಯ ನೀಲಮ್ಮ ದಂಪತಿಗಳ ಉದರದಲ್ಲಿ, 1867ರಲ್ಲಿ ಶ್ರೀಗಳವರ ಜನನವಾಯಿತು. ಹಾಲಯ್ಯನೆಂದು ಹೆಸರಿಟ್ಟರು. ಬಾಲಕನು ಒಂಬತ್ತು ಹತ್ತು ವರುಷದವನಿರುವಾಗ ಧಾತು ಈಶ್ವರ ಸಂವತ್ಸರಗಳ ಘೋರ ಬರಗಾಲವು ಕನ್ನಡನಾಡನ್ನು ಸುಟ್ಟಿತು. 1876ರಿಂದ 1878ರ ವರೆಗಿನ ಆ ದಿನಗಳಲ್ಲಿ ಹಗೇವುಗಳು ಬರಿದಾದವು, ದನಕರುಗಳು ಕಣ್ಮುಂದೆ ಅಳಿದವು, ಊರಿಗೆ ಊರೇ ಗುಳೆ ಹೊರಟಿತು. ಇಂಥ ಕಾಲದಲ್ಲಿ ಬೆಳೆದ ಬಾಲಕನಿಗೆ ಹಸಿವೆಯ ಅರ್ಥವನ್ನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಕಜ್ಜರಿಯ ಶಾಲೆಯಲ್ಲಿ ಓದುವಾಗ ಜಂಗಮ ಬಾಲಕರ ರೂಢಿಯಂತೆ ಕಂತಿಭಿಕ್ಷೆಯೇ ಆತನಿಗೆ ಆಧಾರವಾಯಿತು. ಮನೆಮನೆಯ ರೊಟ್ಟಿಯ ತುಣುಕಿನಿಂದ ತನ್ನ ಅಕ್ಷರವು ಬೆಳೆಯಿತೆಂಬ ಅರಿವು ಅವರ ಜೀವಮಾನದ ಕಾರ್ಯಕ್ಕೆಲ್ಲ ಬೀಜವಾಯಿತೆಂದರೆ ತಪ್ಪಾಗದು.

ಶಾಲೆಯ ಓದು ಮುಗಿದ ಮೇಲೆ ಹಾಲಯ್ಯನವರು ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಬಳಿಕ ವೈರಾಗ್ಯವು ಬಲಿತು ಗುರುವನ್ನರಸಿ ಹೊರಟರು. ಹುಬ್ಬಳ್ಳಿಯ ಸಿದ್ಧಾರೂಢರ ಸನ್ನಿಧಿಯಲ್ಲಿ ಕೆಲಕಾಲವಿದ್ದು, ಕಡೆಗೆ ಎಳಂದೂರು ಬಸವಲಿಂಗ ಶಿವಯೋಗಿಗಳವರನ್ನು ಗುರುವಾಗಿ ಪಡೆದು, ಅವರ ಸೇವೆಯಲ್ಲಿ ಶಿವಯೋಗವನ್ನು ಸಾಧಿಸಿದರು. ಮುಂದೆ ಹಾನಗಲ್ಲ ವಿರಕ್ತಮಠದ ಅಧಿಕಾರವು ಅವರಿಗೆ ಪ್ರಾಪ್ತವಾಯಿತು. ಪೀಠವೇರಿದ ಬಳಿಕ ಅವರು ಪಲ್ಲಕ್ಕಿ ಮರ್ಯಾದೆಗಳಲ್ಲಿ ಮನವಿಡದೆ, ಮಠದಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದು ವಿದ್ಯಾರ್ಥಿಗಳಿಗೆ ಅನ್ನ ವಸತಿಗಳನ್ನು ಕಲ್ಪಿಸಿದರು. ಆ ವರೆಗೆ ಬಂದು ಹೋಗುವ ಭಕ್ತರಿಗಾಗಿ ಉರಿಯುತ್ತಿದ್ದ ಮಠದ ಒಲೆಯು, ಪಾಠ ಓದುವ ಬಾಲಕರಿಗಾಗಿಯೂ ಉರಿಯತೊಡಗಿತು.

ಒಂದು ಮಠದಿಂದ ನಾಡಿನ ಅಜ್ಞಾನವು ನೀಗದೆಂಬುದನ್ನು ಶ್ರೀಗಳವರು ಬಲ್ಲರು. ಆದುದರಿಂದ ಅವರು 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಕೂಡಿಸಿದರು. ತಮ್ಮ ಸಂಪತ್ತೆಲ್ಲವನ್ನೂ ವಿದ್ಯಾರ್ಥಿಗಳಿಗೆ ಮೀಸಲಿಟ್ಟ ಶಿರಸಂಗಿಯ ಲಿಂಗರಾಜ ದೇಸಾಯರು ಅದರ ಪ್ರಥಮ ಅಧ್ಯಕ್ಷರಾದರು. ಬಳಿಕ 1909ರಲ್ಲಿ ಇಲಕಲ್ಲ ವಿಜಯಮಹಾಂತ ಶಿವಯೋಗಿಗಳವರ ಆಶೀರ್ವಾದದಿಂದ, ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವು ಸ್ಥಾಪಿತವಾಯಿತು. ಇಲಕಲ್ಲ ಎಂದರೆ ಕುಷ್ಟಗಿಯ ಮಗ್ಗುಲ ಊರು. ಮಹಾಂತಜ್ಜನವರ ಹೆಸರು ಈ ಸೀಮೆಯ ಮನೆಮನೆಗಳಲ್ಲಿ ಇಂದಿಗೂ ನಡೆಯುವಂಥದು.

ಶಿವಯೋಗಮಂದಿರದಲ್ಲಿ ವಟುಗಳೂ ಸಾಧಕರೂ ಕಾಸು ಕೊಡದೆ ಉಂಡು ಓದಿದರು. ಸಂಸ್ಕೃತ, ಕನ್ನಡ, ಯೋಗ, ಸಂಗೀತ, ವೈದ್ಯ ಇವು ಅಲ್ಲಿಯ ಪಾಠಗಳು. ಗೋಶಾಲೆಯ ಹಾಲು, ಅಲ್ಲಿಯೇ ಸಿದ್ಧವಾಗುವ ವಿಭೂತಿ, ಹೊಳೆಯ ಸ್ನಾನ, ವೇಳೆಗೆ ಸರಿಯಾಗಿ ಪ್ರಸಾದ, ಹೀಗೆ ದಿನಚರ್ಯೆಯು ನಿಯಮಬದ್ಧವಾಗಿತ್ತು. ಆದರೆ ಇಷ್ಟು ಬಾಯಿಗಳಿಗೆ ಅನ್ನವೆಲ್ಲಿಯದು? ಶ್ರೀಗಳವರು ತಾವೇ ಜೋಳಿಗೆ ಹಿಡಿದು ಊರೂರು ಸಂಚರಿಸಿದರು. ಸಿರಿವಂತರಿಂದ ಹಣವನ್ನು ಪಡೆದಂತೆಯೇ ಬಡ ಒಕ್ಕಲಿಗನಿಂದ ಕಾಳನ್ನೂ ಆದರದಿಂದ ಸ್ವೀಕರಿಸಿದರು. ಬಾಲ್ಯದ ಕಂತಿಭಿಕ್ಷೆಯು ಒಬ್ಬ ಹಾಲಯ್ಯನ ಹೊಟ್ಟೆಯನ್ನು ತುಂಬಿಸಿತ್ತು. ಈ ಎರಡನೆಯ ಭಿಕ್ಷೆಯು ನೂರಾರು ಹಾಲಯ್ಯಗಳ ಹೊಟ್ಟೆಯನ್ನು ತುಂಬಿಸಿತು. ಅಂದು ತಾನು ತಿರಿದು ತಂದು ಓದಿದವನು, ಇಂದು ಮಕ್ಕಳು ತಿರಿಯದೆ ಓದಲೆಂದು ತಾನೇ ತಿರಿದನು.

ಈ ದಾಸೋಹದ ಫಲವು ಎಷ್ಟೆಂಬುದಕ್ಕೆ ಒಂದು ದೃಷ್ಟಾಂತ ಸಾಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆಯ ಇಬ್ಬರು ಕುರುಡು ಸಹೋದರರು ಶ್ರೀಗಳವರ ಕಣ್ಣಿಗೆ ಬಿದ್ದರು. ಲೋಕವು ಅವರನ್ನು ಭಿಕ್ಷೆಗೆ ಮಾತ್ರ ಯೋಗ್ಯರೆಂದೆಣಿಸುತ್ತಿತ್ತು. ಶ್ರೀಗಳವರು ಅನ್ನವಿಕ್ಕಿ, ಆಶ್ರಯವಿತ್ತು, ಸಂಗೀತವನ್ನು ಕಲಿಸಿದರು. ಅವರಲ್ಲಿ ಕಿರಿಯನಾದ ಗದಿಗೆಯ್ಯನೇ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು. ಅವರಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಬೆಳೆಯಿತು. ಅಂಧ ಅನಾಥ ಮಕ್ಕಳಿಗೆ ಅಲ್ಲಿ ಇಂದಿಗೂ ಅನ್ನವೂ ವಿದ್ಯೆಯೂ ದೊರೆಯುತ್ತಿರುವವು. ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರೂ ಆ ಒಲೆಯು ಆರಲಿಲ್ಲ.

ಆದರೂ ಒಂದು ಮಾತನ್ನು ಮರೆಯಲಾಗದು. ಶಿವಯೋಗಮಂದಿರದ ಪಂಕ್ತಿಯು ಮುಖ್ಯವಾಗಿ ಸ್ವಸಮಾಜದ ವಟುಗಳಿಗಾಗಿ ಹಾಸಿದುದಾಗಿತ್ತು. ಬಸವಾದಿ ಶರಣರ ದಾಸೋಹವಾದರೋ ಕುಲವನ್ನು ಕೇಳದು. ಆ ಪಂಕ್ತಿಯನ್ನು ಸಕಲ ಜಾತಿಯ ಮಕ್ಕಳ ವರೆಗೆ ಉದ್ದಮಾಡುವ ಕಾರ್ಯವು ಸಿದ್ಧಗಂಗೆಯೇ ಮೊದಲಾದ ಮಠಗಳ ಪ್ರಸಾದನಿಲಯಗಳಿಂದ ನೆರವೇರಿತು.

ಶ್ರೀಗಳವರು 1930ರ ಫೆಬ್ರವರಿ 19ರಂದು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಆಗ ಈ ನಾಲ್ಕು ತಾಲೂಕುಗಳು ನಿಜಾಮರ ರಾಜ್ಯದಲ್ಲಿದ್ದವು. ಕೊಪ್ಪಳ ಯಲಬುರ್ಗಾಗಳು ಸಾಲಾರಜಂಗರ ಜಹಗೀರಿಗೆ ಸೇರಿದ್ದವು. ಉಚ್ಚ ಶಿಕ್ಷಣವು ಬಹುಮಟ್ಟಿಗೆ ಉರ್ದುವಿನಲ್ಲಿ. ಮಳೆಯನ್ನೇ ನಂಬಿದ ಎರೆಯ ಹೊಲಗಳಲ್ಲಿ ಬೆಳೆಯು ಅನಿಶ್ಚಿತ. ಹಳ್ಳಿಯ ಬಾಲಕನಿಗೆ ಶಾಲೆಯೂ ದೂರ, ಊಟವೂ ದೂರ. 1948ರಲ್ಲಿ ಹೈದರಾಬಾದ ಸಂಸ್ಥಾನದ ವಿಮೋಚನೆಯಾದ ಮೇಲೆ, ಕೊಪ್ಪಳ ಗವಿಮಠದ 16ನೆಯ ಪೀಠಾಧಿಪತಿಗಳಾದ ಶ್ರೀ ಮರಿಶಾಂತವೀರ ಮಹಾಸ್ವಾಮಿಗಳವರು 1951ರಲ್ಲಿ ವಿದ್ಯಾಸಂಸ್ಥೆಗೆ ಅಡಿಗಲ್ಲನ್ನಿಟ್ಟರು. ಆ ಮಠದ ಆಶ್ರಯದಲ್ಲಿ ಸಾವಿರಾರು ಬಡ ವಿದ್ಯಾರ್ಥಿಗಳು ಇಂದು ಉಂಡು ಓದುತ್ತಿರುವರು. ಪುಷ್ಯಮಾಸದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಚಕ್ಕಡಿಗಳು ಬರುವ ದೃಶ್ಯವು, ಜೋಳಿಗೆಯ ಧರ್ಮವು ಅಳಿದಿಲ್ಲವೆಂಬುದಕ್ಕೆ ಸಾಕ್ಷಿ.

ಮಠಗಳು ನಡೆಸಿದ ಈ ಕಾರ್ಯವನ್ನು ಸರಕಾರವೂ ಕೈಕೊಂಡಿತು. 1995ರಿಂದ ಶಾಲೆಯ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯವನ್ನು ಮನೆಗೆ ಕೊಡುವ ಪದ್ಧತಿಯಿತ್ತು. ಆ ಧಾನ್ಯವು ಮನೆಯ ಗಡಿಗೆಯಲ್ಲಿ ಹಂಚಿಹೋಗುತ್ತಿತ್ತೇ ಹೊರತು ಮಗುವಿನ ಹೊಟ್ಟೆಯನ್ನೇ ಸೇರುವದೆಂಬ ಭರವಸೆಯಿರಲಿಲ್ಲ. ಬೇಯಿಸಿದ ಅನ್ನವನ್ನೇ ಶಾಲೆಯಲ್ಲಿ ಬಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ವಿಧಿಸಿತು. ಕರ್ನಾಟಕದಲ್ಲಿ 2002ರ ಜೂನಿನಲ್ಲಿ ಈ ಬಿಸಿಯೂಟವು ಆರಂಭವಾದಾಗ ಮೊದಲು ಆರಿಸಿದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಾದುದು ಎಷ್ಟೂ ಸಮಂಜಸ. ಅನ್ನವು ಪಾಠವಿದ್ದಲ್ಲಿಯೇ ಇರಬೇಕು, ಬಿಸಿಯಾಗಿರಬೇಕು, ತಪ್ಪದೆ ದಿನವೂ ಇರಬೇಕು ಎಂಬ ಮಠಗಳ ಅನುಭವವೇ ಇಲ್ಲಿಯೂ ಸ್ಥಿರಪಟ್ಟಿತು.

ಇಂಥ ಊಟದಿಂದ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಹೆಚ್ಚಾಗಿ ಶಾಲೆಗೆ ಬರುವರೆಂಬುದು ದೇಶದಲ್ಲಿ ನಡೆದ ಪರಿಶೀಲನೆಗಳಿಂದ ಸಿದ್ಧವಾಗಿದೆ. ಬೇರೆ ಬೇರೆ ಕುಲದವರು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವದು ಸ್ವತಃ ಒಂದು ಪಾಠ. ಆದರೆ ಊಟವು ಮಗುವನ್ನು ಶಾಲೆಯ ಹೊಸ್ತಿಲ ವರೆಗೆ ತರಬಲ್ಲದು. ಹೊಸ್ತಿಲ ಒಳಗಿನ ಕೆಲಸವು ಗುರುವಿನದು. ತಟ್ಟೆ ತುಂಬಿ ಪಾಟಿ ಬರಿದಾಗಿದ್ದರೆ ದಾಸೋಹವು ಅರೆಯಾಯಿತು. ಆದುದರಿಂದಲೇ ಕುಮಾರ ಶಿವಯೋಗಿಗಳವರು ಅಡಿಗೆಯ ಮನೆಯೊಡನೆ ಪಾಠಶಾಲೆಯನ್ನೂ, ಪಾಠಶಾಲೆಯೊಡನೆ ಯೋಗ್ಯ ಪಂಡಿತರನ್ನೂ ಹುಡುಕಿದರು.

ಶ್ರೀಗಳವರ ಗದ್ದುಗೆಗೆ ಹೂ ಪತ್ರಿಗಳನ್ನೇರಿಸುವದು ಭಕ್ತಿಯ ಲಕ್ಷಣವೇ ಸರಿ. ಅದರೊಡನೆ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಮಠದ ಮಕ್ಕಳಿಗೆಂದು ಒಂದು ಮೊರ ಕಾಳನ್ನು ತೆಗೆದಿರಿಸುವದೂ, ತಮ್ಮೂರ ಶಾಲೆಯ ಒಲೆ ಹೊತ್ತಿತೇ, ಪಾಠ ನಡೆಯಿತೇ ಎಂದು ದಿನವೂ ವಿಚಾರಿಸುವದೂ ಭಕ್ತರ ಕರ್ತವ್ಯವಾಗಿರುವದು. ಕಂತಿಭಿಕ್ಷೆಯಿಂದ ಓದಿದ ಆ ಬಾಲಕನ ಋಣವು ಈ ಮಾರ್ಗದಿಂದಲ್ಲದೆ ತೀರದು. ಶ್ರೀಗುರು ಕುಮಾರೇಶ್ವರನ ಕೃಪೆಯಿಂದ ಈ ನಾಲ್ಕು ತಾಲೂಕುಗಳಲ್ಲಿ ಹಸಿದು ಓದುವ ಮಗುವೊಂದೂ ಇಲ್ಲದಂತಾಗಲಿ.