ಪದದ ಬಾಗಿಲು ತೆರೆದ ಮುಳಬಾಗಿಲಿನ ಡಿವಿಜಿ

ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯುವಕನೊಬ್ಬ ಮುಂದೆ ಇಂಗ್ಲಿಷ್ ಪತ್ರಿಕೆಯೊಂದರ ಸಂಪಾದಕನಾದ, ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದ, ಮೈಸೂರು ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟ್ ಪಡೆದ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರ ಮಾರ್ಚ್ 17ರಂದು ಜನಿಸಿದ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಅವರ ಬದುಕಿನ ಹೊರರೇಖೆ ಇಷ್ಟು. ಡಿವಿಜಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಮಂಕುತಿಮ್ಮನ ಕಗ್ಗ’. ಕಾಲೇಜಿನ ಮೆಟ್ಟಿಲು ಹತ್ತದೆಯೇ ಇಂಗ್ಲಿಷಿನ ಹಳೆಯ ಗ್ರಂಥಗಳ ಒಳಹೊಕ್ಕ ಓದುಗ ಡಿವಿಜಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇಂಗ್ಲಿಷ್ ಎಂದರೆ ಅಳುಕುವ ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಬೇಕಾದವರು ಈ ಎರಡನೆಯ ಡಿವಿಜಿ.

ಜಟಕಾ ಹತ್ತಿದ ಬಾಲಕ

ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮುಳಬಾಗಿಲಿನ ಮನೆಯಲ್ಲಿ ಹಿರಿಯರ ಸಂಪ್ರದಾಯ, ಸಂಸ್ಕೃತದ ವಾತಾವರಣ, ಜೊತೆಗೆ ಬಡತನವೂ ಇತ್ತು. ಲೋಯರ್ ಸೆಕೆಂಡರಿ ಮುಗಿಸಿದ ಬಾಲಕನಿಗೆ ಇನ್ನು ಓದು ಸಾಕೆಂದು ಮನೆಯವರು ತೀರ್ಮಾನಿಸಿದ್ದರು. ಆಗ ನೆರವಿಗೆ ಬಂದವರು ಊರಿನ ರಸೂಲ್ ಖಾನ್. ಅವರು ಬಾಲಕನನ್ನು ತಮ್ಮ ಜಟಕಾ ಬಂಡಿಯಲ್ಲಿ ಕೂರಿಸಿಕೊಂಡು, ಇಂದು ಬಂಗಾರಪೇಟೆ ಎನಿಸಿಕೊಂಡಿರುವ ಅಂದಿನ ಬೌರಿಂಗ್‌ಪೇಟೆಯ ರೈಲು ನಿಲ್ದಾಣಕ್ಕೆ ತಲುಪಿಸಿ, ಮೈಸೂರಿನ ಪ್ರೌಢಶಾಲೆಯ ದಾರಿ ತೋರಿಸಿದರು. ಡಿವಿಜಿ ಬದುಕಿನ ತಿರುವುಗಳಲ್ಲಿ ಇದು ಮೊದಲನೆಯದು.

ಆದರೆ ಶಾಲೆಯ ಓದು ಬಹುಕಾಲ ನಡೆಯಲಿಲ್ಲ. ಮೈಸೂರಿನಿಂದ ಮರಳಿ ಕೋಲಾರದಲ್ಲಿ ಓದು ಮುಂದುವರಿಸಿದರೂ ಮೆಟ್ರಿಕ್ಯುಲೇಷನ್ ಕೈಗೂಡಲಿಲ್ಲ. ಮುಳಬಾಗಿಲಿನಲ್ಲಿ ಕೆಲಕಾಲ ಉಪಾಧ್ಯಾಯ ವೃತ್ತಿ, ಕೋಲಾರ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ ಕೆಲಸ, ಬೆಂಗಳೂರಿಗೆ ಬಂದ ಮೇಲೆ ಜಟಕಾ ಬಂಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯ ಉದ್ಯೋಗ, ಹೀಗೆ ಹೊಟ್ಟೆಪಾಡು ಸಾಗಿತು. ಕೊನೆಗೆ ನೆಲೆ ಸಿಕ್ಕಿದ್ದು ಪತ್ರಿಕಾ ಕಚೇರಿಗಳಲ್ಲಿ.

ಇದೇ ಜಿಲ್ಲೆಯ ಮತ್ತೊಬ್ಬ ಹಿರಿಯರನ್ನು ಇಲ್ಲಿ ನೆನೆಯುವುದು ಉಚಿತ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಡಿವಿಜಿಗಿಂತ ನಾಲ್ಕು ವರ್ಷ ಕಿರಿಯರು. ಅವರು 1914ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದು ಮೈಸೂರು ಸಂಸ್ಥಾನದ ಅಧಿಕಾರಿಯಾದರು, ಶೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದರು. ಒಬ್ಬರಿಗೆ ಪ್ರಾಧ್ಯಾಪಕರ ಪಾಠವಿತ್ತು. ಮತ್ತೊಬ್ಬರಿಗೆ ಇದ್ದದ್ದು ಸ್ವಂತ ಓದು ಮಾತ್ರ. ಇಬ್ಬರೂ ಒಂದೇ ಕವಿಯನ್ನು ಮುಟ್ಟಿದ್ದು ಕೋಲಾರ ಸೀಮೆಯ ಹೆಮ್ಮೆ.

ಗಡಿನಾಡು ಕಲಿಸುವ ಪಾಠ

ಒಂದು ಪದಕ್ಕೆ ಒಂದೇ ಅರ್ಥವೆಂಬ ನಂಬಿಕೆ ಕೋಲಾರ ಸೀಮೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಕೇಳಿಬರುತ್ತವೆ. ಅಲ್ಲಿ ‘ಅವಸರ’ ಎಂಬ ಪದ ಕನ್ನಡಿಗನ ಬಾಯಲ್ಲಿ ಆತುರ, ತೆಲುಗರ ಬಾಯಲ್ಲಿ ಅಗತ್ಯ. ಮೂಲವಾದ ಸಂಸ್ಕೃತದಲ್ಲಿ ಅದು ತಕ್ಕ ಸಮಯ, ಸಂದರ್ಭ. ‘ಉಪನ್ಯಾಸ’ ಕನ್ನಡದಲ್ಲಿ ಭಾಷಣವಾದರೆ ಬಂಗಾಳಿ, ಹಿಂದಿಗಳಲ್ಲಿ ಕಾದಂಬರಿ. ‘ಕಾದಂಬರಿ’ ಎಂಬುದಾದರೋ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಕಿಯ ಹೆಸರು. ಊರಿನ ಹೆಸರೂ ಇದಕ್ಕೆ ಹೊರತಲ್ಲ. ಇಂದಿನ ಕಿವಿಗೆ ಮುಳಬಾಗಿಲು ಎಂಬಲ್ಲಿ ಮುಳ್ಳು ಕೇಳಿಸಬಹುದು. ಆದರೆ ಅದು ಮೂಡಲ ಬಾಗಿಲು, ಅಂದರೆ ಪೂರ್ವದ ಬಾಗಿಲು ಎಂಬುದು ಪ್ರಚಲಿತವಾಗಿರುವ ವಿವರಣೆ.

ಕನ್ನಡ, ತೆಲುಗು, ಸಂಸ್ಕೃತಗಳ ನಡುವೆ ಬೆಳೆದ ಡಿವಿಜಿ ಅವರಿಗೆ ಪದದ ಹೊರರೂಪ ಒಂದೇ ಆದರೂ ಒಳಗಿನ ತಿರುಳು ಬೇರೆಯಾಗಬಹುದೆಂಬುದು ಹೊಸ ಸಂಗತಿಯಾಗಿರಲಾರದು. ಇಂಗ್ಲಿಷಿನ ಹಳೆಯ ಪುಸ್ತಕಗಳನ್ನು ಓದುವವನಿಗೆ ಮೊದಲು ಬೇಕಾದದ್ದು ಈ ತಿಳಿವೇ.

ಪರಿಚಿತ ಪದದ ಮೋಸ

ಇಂಗ್ಲಿಷಿನ ಹಳೆಯ ಕಾದಂಬರಿ ಓದುವವರಿಗೆ ಗೊತ್ತಿಲ್ಲದ ಪದ ಅಷ್ಟೇನೂ ಅಪಾಯಕಾರಿಯಲ್ಲ. ಅದು ಎದುರಾದೊಡನೆ ಕೈ ನಿಘಂಟಿನ ಕಡೆಗೆ ಹೋಗುತ್ತದೆ. ಅಪಾಯವಿರುವುದು ಗೊತ್ತಿದೆ ಎಂದುಕೊಂಡ ಪದದಲ್ಲಿ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಪಾದ್ರಿಯೊಬ್ಬ ತನ್ನ ಆಶ್ರಯದಾತೆಯ ‘ಕಂಡಿಸೆನ್ಷನ್’ ಗುಣವನ್ನು ಮತ್ತೆ ಮತ್ತೆ ಹೊಗಳುತ್ತಾನೆ. ಇಂದು ಆ ಪದಕ್ಕೆ ಇತರರನ್ನು ಕೀಳಾಗಿ ಕಾಣುವ ದರ್ಪ ಎಂಬ ಅರ್ಥ. ಅಂದು ಅದು ದೊಡ್ಡವರು ಸಣ್ಣವರೊಡನೆ ಬೆರೆಯುವ ಸೌಜನ್ಯ. ಈ ವ್ಯತ್ಯಾಸ ತಿಳಿಯದಿದ್ದರೆ ಪಾದ್ರಿಯ ಮುಖಸ್ತುತಿಯೂ ಅರ್ಥವಾಗುವುದಿಲ್ಲ, ಲೇಖಕಿಯ ಚುಚ್ಚುನಗೆಯೂ ದಕ್ಕುವುದಿಲ್ಲ. ಅದೇ ಕಾದಂಬರಿಯ ‘ಕ್ಯಾಂಡರ್’ ಇಂದಿನ ನೇರನುಡಿಯಲ್ಲ. ಪರರ ವಿಷಯದಲ್ಲಿ ಒಳಿತನ್ನೇ ಎಣಿಸುವ ಉದಾರ ಬುದ್ಧಿ. ‘ಇಂಟೆಲಿಜೆನ್ಸ್’ ಎಂದರೆ ಅಲ್ಲಿ ಬಹುಪಾಲು ಸಲ ಬುದ್ಧಿಯಲ್ಲ, ಸುದ್ದಿ.

ಚಾರ್ಲ್ಸ್ ಡಿಕನ್ಸ್ ಅವರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಹೆಸರೇ ಮತ್ತೊಂದು ನಿದರ್ಶನ. 1860-61ರಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆಯಲ್ಲಿ ‘ಎಕ್ಸ್‌ಪೆಕ್ಟೇಷನ್ಸ್’ ಬರಿಯ ನಿರೀಕ್ಷೆಯಲ್ಲ, ಮುಂದೆ ಕೈಸೇರಲಿರುವ ಆಸ್ತಿಪಾಸ್ತಿ. ಎರಡೂ ಅರ್ಥಗಳು ಸೇರಿದಾಗ ಮಾತ್ರ ಹೆಸರಿನ ಪೂರ್ಣ ಸ್ವಾರಸ್ಯ. ಇಂಥ ಗೊಂದಲ ಇಂಗ್ಲಿಷರಿಗೂ ಇತ್ತು. ಆಸ್ಟಿನ್ ಅವರ ‘ನಾರ್ಥ್ಯಾಂಗರ್ ಅಬಿ’ಯ ನಾಯಕ, ‘ನೈಸ್’ ಪದವನ್ನು ಕಂಡಕಂಡದ್ದಕ್ಕೆಲ್ಲ ಬಳಸುವುದನ್ನು ಗೇಲಿಮಾಡಿ, ಅದರ ಹಳೆಯ ನಯವಾದ ಅರ್ಥವನ್ನು ನೆನಪಿಸುತ್ತಾನೆ.

ಈ ಕಾರಣದಿಂದಲೇ ಕಾಲಕ್ರಮದಲ್ಲಿ ಪದಗಳ ಅರ್ಥ ಹೇಗೆ ಬದಲಾಯಿತೆಂದು ಉದಾಹರಣೆ ಸಹಿತ ದಾಖಲಿಸುವ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ರೂಪುಗೊಂಡಿತು. ಅದರ ಮೊದಲ ಭಾಗ 1884ರಲ್ಲಿ, ಅಂದರೆ ಡಿವಿಜಿ ಹುಟ್ಟುವ ಮೂರು ವರ್ಷ ಮೊದಲು ಹೊರಬಂತು. ಕೊನೆಯ ಭಾಗ ಮುಗಿದಾಗ, 1928ರಲ್ಲಿ, ಅವರಿಗೆ 41 ವರ್ಷ. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲೇ ಅಚ್ಚಾಗಿತ್ತು. ಆದರೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದದ್ದು 1946ರಲ್ಲಿ. ಡಿವಿಜಿ ಇಂಗ್ಲಿಷ್ ಕಲಿತ ವರ್ಷಗಳಲ್ಲಿ ಅದರ ಆಸರೆ ಅವರಿಗೆ ಇರಲಿಲ್ಲ.

ಸಂಪಾದಕರ ಮೇಜಿನಿಂದ ಮ್ಯಾಕ್‌ಬೆತ್‌ವರೆಗೆ

ಬೆಂಗಳೂರಿನ ಹಲವು ಪತ್ರಿಕೆಗಳಲ್ಲಿ ದುಡಿದ ಬಳಿಕ ಡಿವಿಜಿ 1913ರಲ್ಲಿ ‘ದಿ ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ಸಂಪಾದಕರಿಗೆ ಆಗ 26 ವರ್ಷ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲವದು. ಸಂಸ್ಥಾನದ ಆಡಳಿತವನ್ನು ಸ್ನೇಹದಿಂದ ಬೆಂಬಲಿಸುತ್ತಲೇ, ತಪ್ಪೆನಿಸಿದ ಕಡೆ ಟೀಕಿಸುವ ಹೊಣೆ ಅವರದಾಗಿತ್ತು. ಸರ್ಕಾರವನ್ನು ಇಂಗ್ಲಿಷಿನಲ್ಲಿ ವಿಮರ್ಶಿಸುವವನಿಗೆ ಒಂದು ಪದ ತೂಕ ತಪ್ಪಿದರೂ ಕಷ್ಟ. ಪದವಿ ಇಲ್ಲದ ಸಂಪಾದಕನಿಗಂತೂ ಭಾಷೆಯೇ ರಕ್ಷಣೆ. 1928ರಲ್ಲಿ ಪತ್ರಿಕಾವೃತ್ತಿ ಕುರಿತು ಅವರು ಕನ್ನಡದಲ್ಲಿ ಪುಸ್ತಕವನ್ನೇ ಬರೆದರು.

ಇಂಗ್ಲಿಷ್ ಓದು ಕನ್ನಡಕ್ಕೂ ಫಲ ಕೊಟ್ಟಿತು. 1930ರಲ್ಲಿ ‘ಉಮರನ ಒಸಗೆ’ ಬಂತು. ಪಾರಸಿಯ ಉಮರ್ ಖಯ್ಯಾಮನ ಪದ್ಯಗಳನ್ನು ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದಿದ್ದರು. ಅದು ಮುಳಬಾಗಿಲಿನ ಕವಿಯ ಮೂಲಕ ಕನ್ನಡವಾಯಿತು. ಸಂದೇಶ, ಶುಭವಾರ್ತೆ ಎಂಬ ಅರ್ಥದ ‘ಒಸಗೆ’ಯನ್ನು ಶೀರ್ಷಿಕೆಗೆ ಆರಿಸಿಕೊಂಡದ್ದೇ ಹಳೆಯ ಪದಗಳ ಮೇಲೆ ಅವರಿಗಿದ್ದ ಒಲವಿಗೆ ಸಾಕ್ಷಿ.

ಅದೇ ದಶಕದಲ್ಲಿ ‘ಮ್ಯಾಕ್‌ಬೆತ್’ ಕನ್ನಡಕ್ಕೆ ಬಂತು. ಮೂರು ಶತಮಾನಗಳಿಗೂ ಹಿಂದಿನ ಈ ನಾಟಕದಲ್ಲಿ ಅನುವಾದಕ ಹೆಜ್ಜೆಹೆಜ್ಜೆಗೂ ಎಚ್ಚರವಹಿಸಬೇಕು. ಅಲ್ಲಿನ ಮಾಟಗಾತಿಯರಿಗೆ ಅಂಟಿದ ‘ವಿಯರ್ಡ್’ ಇಂದಿನ ಚಿತ್ರವಿಚಿತ್ರವಲ್ಲ. ಅದರ ಬೇರು ವಿಧಿ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಲ್ಲಿದೆ. ‘ಅಡಿಷನ್’ ಅಲ್ಲಿ ಕೂಡಿಕೆಯಲ್ಲ, ಬಿರುದು. ‘ಸೆನ್ಸಿಬಲ್’ ವಿವೇಕಿಯಲ್ಲ, ಇಂದ್ರಿಯಕ್ಕೆ ಗೋಚರವಾದದ್ದು. ಮೊದಲ ಪದವನ್ನು ತಪ್ಪು ತಿಳಿದರೆ ವಿಧಿಯ ನೆರಳು ಮರೆಯಾಗಿ, ದುರಂತವೇ ತಮಾಷೆಯಾಗಿಬಿಡುತ್ತದೆ.

ಅನ್ವಯ ಮೊದಲು, ತಾತ್ಪರ್ಯ ಕೊನೆಗೆ

ಬೆಂಗಳೂರಿನಲ್ಲಿ ಡಿವಿಜಿ ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಂಥ ವಿದ್ವಾಂಸರ ಬಳಿ ವೇದಾಂತ ಕಲಿತರು. ಸಂಸ್ಕೃತ ಪಾಠದ ಕ್ರಮದಲ್ಲಿ ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಂಬ ಹಂತಗಳಿವೆ. ಕೂಡಿಕೊಂಡ ಪದಗಳನ್ನು ಬಿಡಿಸುವುದು, ಯಾವುದು ಯಾವುದಕ್ಕೆ ಸೇರುತ್ತದೆಂದು ನೋಡುವುದು, ಒಂದೊಂದಕ್ಕೂ ಅಲ್ಲಿ ಸಲ್ಲುವ ಅರ್ಥ ಹೇಳುವುದು, ಕೊನೆಯಲ್ಲಿ ಇಡೀ ಮಾತಿನ ಆಶಯ ಹಿಡಿಯುವುದು. ಅರ್ಥ ಪದದಲ್ಲಿ ಒಂಟಿಯಾಗಿ ಕುಳಿತಿರುವುದಿಲ್ಲ, ವಾಕ್ಯದ ನಂಟಿನಲ್ಲಿ ತೆರೆದುಕೊಳ್ಳುತ್ತದೆ ಎಂಬುದು ಈ ಕ್ರಮದ ಜೀವಾಳ. ಆಸ್ಟಿನ್, ಡಿಕನ್ಸರ ಪುಟಗಳಿಗೂ ಇದೇ ಕ್ರಮ ಸಲ್ಲುತ್ತದೆ. ಪಾದ್ರಿ ಯಾರನ್ನು ಕುರಿತು, ಯಾವ ಭಾವದಿಂದ ಹೇಳಿದನೆಂದು ನೋಡಿದರೆ ‘ಕಂಡಿಸೆನ್ಷನ್’ ಬೈಗುಳವಲ್ಲವೆಂಬುದು ನಿಘಂಟು ತೆರೆಯುವ ಮೊದಲೇ ಹೊಳೆಯುತ್ತದೆ. ನಿಘಂಟು ಆ ಊಹೆಯನ್ನು ಖಚಿತಪಡಿಸುತ್ತದೆ.

1945ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಡಿವಿಜಿ ಈ ಓದನ್ನು ಹತ್ತು ಜನರ ನಡುವೆ ತಂದರು. ಅಲ್ಲಿನ ಅಧ್ಯಯನ ಗೋಷ್ಠಿಗಳಲ್ಲಿ ತರುಣರು ಹಿರಿಯರೊಡನೆ ಕುಳಿತು ದೊಡ್ಡ ಗ್ರಂಥಗಳನ್ನು ಓದುತ್ತಿದ್ದರು. ಭಗವದ್ಗೀತೆಯ ಕುರಿತ ಅವರ ಪ್ರವಚನಗಳು ‘ಜೀವನಧರ್ಮಯೋಗ’ ಗ್ರಂಥವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವು.

ಪೌರನಿಗೂ ಪದಜ್ಞಾನ

ಪದಗಳ ಮೇಲಿನ ಈ ಕಾಳಜಿ ಕೇವಲ ಸಾಹಿತ್ಯದ ಸೊಗಸಿಗಾಗಿ ಇದ್ದದ್ದಲ್ಲ. 1926ರಿಂದ 1940ರವರೆಗೆ ಮೈಸೂರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದ ಡಿವಿಜಿ ಆಡಳಿತ ಸುಧಾರಣೆಯ ಚರ್ಚೆಗಳಲ್ಲಿ ಪಾಲ್ಗೊಂಡರು. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಗ್ರಂಥಗಳಲ್ಲಿ ಪಾಶ್ಚಾತ್ಯ ರಾಜಕೀಯ ಚಿಂತನೆಗೆ ಕನ್ನಡದ ಮೈ ಕೊಟ್ಟರು. ‘ಕಾನ್‌ಸ್ಟಿಟ್ಯೂಷನ್’ ಎಂಬ ಪದವನ್ನೇ ನೋಡಬಹುದು. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಅದು ಹೆಚ್ಚಾಗಿ ಶರೀರದ ಕಟ್ಟು, ಆರೋಗ್ಯದ ಸ್ಥಿತಿ. ರಾಜಕೀಯದಲ್ಲಿ ದೇಶದ ಮೂಲ ಕಟ್ಟಳೆ. ಡಿವಿಜಿ ಬಳಸಿದ ‘ರಾಜ್ಯಾಂಗ’ದಲ್ಲಿ ‘ಅಂಗ’ ಎಂಬ ಶರೀರದ ನೆನಪು ಉಳಿದಿದೆ. ಇಂದು ‘ಸಂವಿಧಾನ’ ರೂಢಿಯಾಗಿದ್ದರೂ ಹಳೆಯ ಪದದ ಔಚಿತ್ಯ ಮಾಸಿಲ್ಲ. ಹಾಗೆಯೇ ‘ಲಿಬರಲ್’ ಹಳೆಯ ಕಾದಂಬರಿಯಲ್ಲಿ ಕೊಡುಗೈ ದಾನಿ, ಗೋಖಲೆಯವರ ಪಂಥದಲ್ಲಿ ಒಂದು ರಾಜಕೀಯ ನಿಲುವು. ಇಂಥ ಪದಗಳ ಅರ್ಥ ತಿಳಿಯದ ಪ್ರಜೆ ಪರರ ಮಾತಿಗೆ ತಲೆದೂಗುವವನಾಗಿಯೇ ಉಳಿಯಬೇಕಾಗುತ್ತದೆ.

ಪತ್ನಿ ಭಾಗೀರಥಮ್ಮ ಬಹುಬೇಗ ತೀರಿಕೊಂಡ ಬಳಿಕ ಡಿವಿಜಿ ಮರುವಿವಾಹವಾಗಲಿಲ್ಲ. ಪುತ್ರ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ, ಕನ್ನಡದ ಸೊಗಸಾದ ಗದ್ಯಲೇಖಕರಾಗಿ ಹೆಸರಾದರು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಡಿ.ಲಿಟ್., 1974ರಲ್ಲಿ ಪದ್ಮಭೂಷಣ ಡಿವಿಜಿ ಅವರನ್ನು ಅರಸಿ ಬಂದವು. 1975ರ ಅಕ್ಟೋಬರ್ 7ರಂದು ಅವರು ನಿಧನರಾದರು.

ಕಗ್ಗಕ್ಕೂ ಬೇಕಾಯಿತು ಕೈಪಿಡಿ

ಪರಭಾಷೆಯ ಹಳೆಯ ಪದಗಳನ್ನು ಬಿಡಿಸಿಕೊಂಡು ಓದಿದವರ ಸ್ವಂತ ಕೃತಿಯೇ ಇಂದು ಅಂಥ ಓದನ್ನು ಬೇಡುತ್ತಿದೆ. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಹಳಗನ್ನಡದ ಛಾಯೆ, ಬಿಗಿಯಾದ ಸಂಧಿ ಸಮಾಸಗಳಿಂದಾಗಿ ಇಂದಿನ ಓದುಗ ಮೊದಲ ಓದಿಗೆ ತಡವರಿಸುತ್ತಾನೆ. ಡಿ.ಆರ್. ವೆಂಕಟರಮಣನ್ ಅವರ ‘ಕಗ್ಗಕ್ಕೊಂದು ಕೈಪಿಡಿ’ ಬೇಕಾದದ್ದು ಇದೇ ಕಾರಣಕ್ಕೆ. ಹುರುಳಿಲ್ಲದ ಉದ್ದ ಮಾತು ಎಂಬ ಅರ್ಥವುಳ್ಳ ‘ಕಗ್ಗ’ ಎಂಬ ಪದವಂತೂ ಡಿವಿಜಿ ಕೈಯಲ್ಲಿ ಜೀವನದರ್ಶನಕ್ಕೆ ಹೆಸರಾಗಿ, ಕನ್ನಡಿಗರ ಮನಸ್ಸಿನಲ್ಲಿ ತನ್ನ ಅರ್ಥವನ್ನೇ ಬದಲಿಸಿಕೊಂಡಿದೆ.

ಕಗ್ಗವನ್ನು ಕೈಪಿಡಿಯೊಡನೆ ಓದುವುದಕ್ಕೆ ಕನ್ನಡಿಗರು ಸಂಕೋಚಪಡುವುದಿಲ್ಲ. ನಿಘಂಟಿನೊಡನೆ ಆಸ್ಟಿನ್ ಅಥವಾ ಡಿಕನ್ಸ್ ಓದುವ ಕೋಲಾರ, ಮಾಲೂರು, ಶ್ರೀನಿವಾಸಪುರದ ವಿದ್ಯಾರ್ಥಿಯೂ ಸಂಕೋಚಪಡಬೇಕಾಗಿಲ್ಲ. ಎರಡು ಶತಮಾನಗಳ ಹಿಂದಿನ ಇಂಗ್ಲಿಷ್ ಇಂದಿನ ಲಂಡನ್ನಿನ ಓದುಗನಿಗೂ ಅಷ್ಟಿಷ್ಟು ಪರಭಾಷೆಯೇ. ಅದನ್ನು ಕಲಿಯಲು ಪದವಿಗಿಂತ ಮಿಗಿಲಾಗಿ ಬೇಕಾದದ್ದು ತಾಳ್ಮೆ. ಮೆಟ್ರಿಕ್ಯುಲೇಷನ್ ದಾಟದ ಮುಳಬಾಗಿಲಿನ ಗುಂಡಪ್ಪ ಅದನ್ನು ಬದುಕಿ ತೋರಿಸಿದರು.